ಸಹಿಯ ತೂಕ

ಇಂಡಿ ತಾಲೂಕಿನ ನಮ್ಮ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬದ ಶಾಸನವೊಂದು ದೊರೆತಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ಊರವರು ಮದುವೆಗೆ ಐದು ನಾಣ್ಯ, ಮುಂಜಿವೆಗೆ ಅದರರ್ಧ, ಜವಳಕ್ಕೆ ಅದರ ಅರ್ಧ ಕೊಡಬೇಕೆಂದು ಅದರಲ್ಲಿ ಬರೆದಿದೆ. ಕೊಡುತ್ತೇವೆಂಬ ಮಾತು ಬರಹಕ್ಕೆ ಇಳಿದರೆ ಅದರ ತೂಕವೇ ಬೇರೆ. ನಮ್ಮ ಕಾಲದಲ್ಲಿ ಆ ತೂಕವನ್ನು ಚೆಕ್ಕಿನ ಹಾಳೆ ಹೊತ್ತಿದೆ.

ಚೆಕ್ಕಿನ ಕಾಯ್ದೆ 1881ರದು. ಆದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಶಿಕ್ಷೆಯೆಂಬುದು ಅದರಲ್ಲಿ ಇರಲಿಲ್ಲ. ಲಿಂಬೆ ಮಾರಿ ಚೆಕ್ಕು ಪಡೆದ ರೈತ, ಕೊಟ್ಟವನಿಗೆ ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಿದರೆ ಮಾತ್ರ ವಂಚನೆಯ ಮೊಕದ್ದಮೆ ನಿಲ್ಲುತ್ತಿತ್ತು. ಇಲ್ಲವಾದರೆ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕು. ಚೆಕ್ಕನ್ನು ಜನ ನಂಬುವಂತಾಗಲೆಂದು 1988ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 1989ರ ಏಪ್ರಿಲ್ 1ರಿಂದ 138ನೆಯ ಕಲಮು ಜಾರಿಗೆ ಬಂತು. ಆಗ ಒಂದು ವರ್ಷದವರೆಗೆ ಇದ್ದ ಸೆರೆವಾಸ 2003ರಿಂದ ಎರಡು ವರ್ಷದವರೆಗೆ ಏರಿತು. ದಂಡ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ. ಆದರೂ ಕಾಯ್ದೆ ಒಂದು ಬಾಗಿಲು ತೆರೆದಿಟ್ಟಿದೆ. ಚೆಕ್ಕು ಮರಳಿದ್ದು ತಿಳಿದ 30 ದಿನದೊಳಗೆ ಲಿಖಿತ ನೋಟೀಸು ಕೊಡಬೇಕು. ಅದು ಕೈಸೇರಿದ 15 ದಿನದೊಳಗೆ ಹಣ ಕೊಟ್ಟರೆ ಅಪರಾಧವೇ ಆಗದು.

ಸಾಲ ಇತ್ತೋ ಇಲ್ಲವೋ ಎಂಬ ಜಗಳ ಬಂದರೆ? ನಮ್ಮ ರಾಜ್ಯದ್ದೇ 45,000 ರೂಪಾಯಿಯ ಚೆಕ್ಕೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚೆಕ್ಕು ಕಳೆದುಹೋಗಿತ್ತೆಂದು ಆರೋಪಿಯ ವಾದ. ಕೆಳಗಿನ ಕೋರ್ಟು ಬಿಡುಗಡೆ ಮಾಡಿತ್ತು, ಹೈಕೋರ್ಟು ತಪ್ಪಿತಸ್ಥನೆಂದಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಸಹಿ ತನ್ನದೆಂದು ಒಪ್ಪಿದ ಮೇಲೆ ಸಾಲವಿತ್ತೆಂದೇ ಕೋರ್ಟು ಮೊದಲು ಭಾವಿಸಬೇಕು. ಇಲ್ಲವೆನ್ನುವವರು ನಂಬುವಂಥ ಆಧಾರ ತೋರಿಸಬೇಕು. ಸ್ವಂತ ಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಇದೇ ನಿಯಮವೆಂದು 2019ರಲ್ಲಿ ಅದೇ ಕೋರ್ಟು ಹೇಳಿತು.

ಈ ಮಾತು ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯ. "ಮನೆಯವರು ಸಹಿ ಮಾಡು ಅಂದ್ರು, ಮಾಡಿದೆ" ಎಂಬುದು ನಮ್ಮಲ್ಲಿ ರೂಢಿ. ಕೈಗಡಕ್ಕೆ ಭದ್ರತೆಯೆಂದು ಎರಡು ಖಾಲಿ ಹಾಳೆ ಕೊಟ್ಟು, ಸಾಲ ತೀರಿದ ಮೇಲೂ ಮರಳಿ ಕೇಳಲು ಸಂಕೋಚಪಡುತ್ತೇವೆ. ಜಂಟಿ ಖಾತೆ ಎಂದ ಮಾತ್ರಕ್ಕೆ ಗಂಡ ಸಹಿ ಮಾಡಿದ ಚೆಕ್ಕಿಗೆ ಹೆಂಡತಿಯ ಮೇಲೆ ಮೊಕದ್ದಮೆ ಸಲ್ಲದೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅವಳದೇ ಖಾತೆ, ಅವಳದೇ ಸಹಿ ಆದರೆ ಹಣ ಯಾರು ಬಳಸಿದರೂ ನೋಟೀಸು ಅವಳ ಹೆಸರಿಗೇ ಬರುತ್ತದೆ. ಹೆಸರು, ಮೊತ್ತ, ತಾರೀಖು ಬರೆದ ಮೇಲೆಯೇ ಸಹಿ ಹಾಕೋಣ. ಸಾಲ ತೀರಿದ ದಿನವೇ ಕೊಟ್ಟ ಹಾಳೆಯನ್ನು ಕೇಳಿ ಪಡೆಯೋಣ.