ಥಾಯ್ ಊಟದ ಪಟ್ಟಿಯ ಹಿಂದಿನ ಕಥೆ

ಥಾಯ್ ಹೋಟೆಲಿನಲ್ಲಿ ಮೊದಲ ಸಲ ಕೂತವರ ಫಜೀತಿ ಊಟಕ್ಕೆ ಮುಂಚೆಯೇ ಶುರುವಾಗುತ್ತದೆ. ಮಾಣಿ ತಂದಿಟ್ಟ ಪಟ್ಟಿಯಲ್ಲಿ ಹೆಸರುಗಳು ಹತ್ತಾರು. ಕೇಳಿ ಗೊತ್ತಿರುವುದು ಒಂದೋ ಎರಡೋ. ಕೊನೆಗೆ ಒಬ್ಬೊಬ್ಬರೂ ಒಂದೊಂದು ತಟ್ಟೆ ‘ಪಾಡ್ ಥಾಯ್’ ಹೇಳಿ ನಿರಾಳರಾಗುತ್ತಾರೆ. ದೇಶದ ಹೆಸರನ್ನೇ ಹೊತ್ತ ತಿನಿಸು, ಅದೇ ಅಪ್ಪಟವಾದದ್ದಿರಬೇಕು ಎಂಬುದು ಅವರ ಲೆಕ್ಕಾಚಾರ. ಆದರೆ ಪಟ್ಟಿಯಲ್ಲಿರುವ ತಿನಿಸುಗಳ ಪೈಕಿ ತೀರ ಈಚಿನವುಗಳಲ್ಲಿ ಅದೂ ಒಂದು. ಅದರ ಹೆಸರಿನಲ್ಲಿ ಅಡುಗೆಗಿಂತ ರಾಜಕೀಯವೇ ಹೆಚ್ಚು.

ಆ ದೇಶ ‘ಥಾಯ್ಲೆಂಡ್’ ಆದದ್ದೇ 1939ರಲ್ಲಿ. ಅಲ್ಲಿಯವರೆಗೆ ಅದು ಸಯಾಮ್. ಹೆಸರು ಬದಲಿಸಿದವರು ಸೈನ್ಯದಿಂದ ಬಂದ ಪ್ರಧಾನಿ ಪಿಬೂನ್ ಸೊಂಗ್‌ಖ್ರಾಮ್. 1939ರಿಂದ 1942ರವರೆಗೆ ಅವರ ಸರ್ಕಾರ ಹನ್ನೆರಡು ಸಾಂಸ್ಕೃತಿಕ ಆಜ್ಞೆಗಳನ್ನು ಹೊರಡಿಸಿತು. ಬಾವುಟಕ್ಕೆ ಗೌರವ ತೋರುವುದು, ಸ್ವದೇಶಿ ಸರಕನ್ನೇ ಕೊಳ್ಳುವುದು, ಸಭ್ಯ ಉಡುಪು ತೊಡುವುದು ಎಲ್ಲವೂ ಸರ್ಕಾರದ ವಿಷಯವಾದವು. ಬೀದಿಗೆ ಬರುವಾಗ ಟೋಪಿ ಧರಿಸಬೇಕೆಂಬ ಒತ್ತಾಯವೂ ಇತ್ತು. ಆಮೇಲೆ ಸರದಿ ಊಟದ್ದು. ಯುದ್ಧಕಾಲದ ಅಭಾವದ ಜೊತೆಗೆ 1942ರಲ್ಲಿ ಬ್ಯಾಂಕಾಕಿನಲ್ಲಿ ಭಾರಿ ಪ್ರವಾಹ ಬಂತು. ಜನ ಅಕ್ಕಿಯ ಶ್ಯಾವಿಗೆ ತಿನ್ನಬೇಕು, ತಾವೇ ಮಾಡಿ ಮಾರಬೇಕು ಎಂದು ಸರ್ಕಾರ ಪ್ರಚಾರ ನಡೆಸಿತು.

ಇಲ್ಲಿನ ವಿಪರ್ಯಾಸ ಗಮನಿಸಬೇಕು. ಶ್ಯಾವಿಗೆಯ ಥಾಯ್ ಹೆಸರಾದ ‘ಕುಯ್ತಿಯಾವ್’ ಚೀನೀ ಪದ. ಉರಿಯ ಮೇಲೆ ದೊಡ್ಡ ಬಾಣಲೆಯಿಟ್ಟು ಸರಸರನೆ ಹುರಿಯುವ ಕ್ರಮವೂ ಚೀನೀಯರದೇ. ಅದೇ ಸರ್ಕಾರ ದೇಶದ ಚೀನೀ ವರ್ತಕರಿಗೆ ಕಡಿವಾಣ ಹಾಕುತ್ತಿತ್ತು. ಅವರ ತಿನಿಸಿಗೆ ಹುಣಸೆಹಣ್ಣು, ತಾಳೆಬೆಲ್ಲ, ಮೀನಿನ ರಸ, ಕಡಲೆಕಾಯಿ ಪುಡಿ ಬೆರೆತು ‘ಥಾಯ್ ಬಗೆಯಲ್ಲಿ ಹುರಿದ ಕುಯ್ತಿಯಾವ್’ ಆಯಿತು. ‘ಥಾಯ್’ ಎಂಬ ವಿಶೇಷಣ ಬೇಕಾದದ್ದೇ ಮೂಲ ಬೇರೆಯಾದ್ದರಿಂದ. ಮನೆಯ ಅನ್ನಕ್ಕೆ ‘ಕನ್ನಡದ ಅನ್ನ’ ಎಂದು ಯಾರಾದರೂ ಕರೆಯುತ್ತಾರೆಯೆ?

ಖಾರದ ಕಥೆ ಇದಕ್ಕಿಂತ ಹಳೆಯದು. ಪೋರ್ಚುಗೀಸರು 1511ರಲ್ಲಿ ಮಲಾಕ್ಕಾವನ್ನು ಹಿಡಿದರು, ಅದೇ ವರ್ಷ ಸಯಾಮಿನ ರಾಜಧಾನಿ ಅಯುತ್ಥಯಾಕ್ಕೆ ದೂತನನ್ನು ಕಳಿಸಿದರು. (ಆ ಊರಿನ ಹೆಸರು ನಮ್ಮ ಅಯೋಧ್ಯೆಯದೇ.) ಅವರ ಹಡಗುಗಳ ಕಾಲದಲ್ಲೇ ಅಮೆರಿಕದ ಮೆಣಸಿನಕಾಯಿ ಏಷ್ಯಕ್ಕೆ ಬಂದದ್ದು. ಅದಕ್ಕೂ ಮೊದಲು ಥಾಯ್ ಭಾಷೆಯ ‘ಪ್ರಿಕ್’ ಎಂದರೆ ಕಾಳುಮೆಣಸು. ಹೊಸ ಕಾಯಿ ಬಂದು ಆ ಹೆಸರನ್ನು ಕಸಿದುಕೊಂಡಿತು. ಹಳೆಯದು ‘ಪ್ರಿಕ್ ಥಾಯ್’, ಅಂದರೆ ನಮ್ಮ ಮೆಣಸು, ಎಂದು ಹೇಳಿಸಿಕೊಳ್ಳಬೇಕಾಯಿತು. ಕನ್ನಡದಲ್ಲೂ ಆದದ್ದು ಇದೇ. ಮೆಣಸಿನ ಹೆಸರಿನಿಂದ ಮೆಣಸಿನಕಾಯಿ ಹುಟ್ಟಿತು, ಮೂಲ ಮೆಣಸು ಗುರುತಿಗಾಗಿ ‘ಕಾಳು’, ‘ಕರಿ’ ಎಂಬ ಬಾಲ ಅಂಟಿಸಿಕೊಂಡಿತು.

1687ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ರಾಯಭಾರಿ ಲಾ ಲೂಬೇರ್ ಕಂಡ ಊಟ ತೀರ ಸರಳ: ಅನ್ನ, ಮೀನು, ಬೆಳ್ಳುಳ್ಳಿ ಮತ್ತು ಸೊಪ್ಪು ಹಾಕಿದ ನೀರು ವ್ಯಂಜನ, ಹುದುಗಿಸಿದ ಸೀಗಡಿಯ ‘ಕಪಿ’. ಹೆಸರು ಕೇಳಿ ನಾವು ಗಾಬರಿಯಾಗಬೇಕಿಲ್ಲ, ಅದಕ್ಕೂ ಹನುಮಂತನಿಗೂ ಸಂಬಂಧವಿಲ್ಲ. ಇಂದಿಗೂ ಬಹುತೇಕ ಥಾಯ್ ಮಸಾಲೆಗಳ ಜೀವಾಳ ಅದೇ.

ಪಟ್ಟಿಯಲ್ಲಿ ‘ಮಸ್ಸಮಾನ್’ ಎಂಬ ಸಾರು ಕಂಡರೆ ಅದು ‘ಮುಸಲ್ಮಾನ್’ ಎಂಬ ಪದದ ರೂಪ. ಚಕ್ಕೆ, ಏಲಕ್ಕಿ, ಜೀರಿಗೆ ಬೀಳುವ ಈ ಸಾರಿನ ಪರಿಮಳ ನಮ್ಮ ಮೂಗಿಗೆ ಹೊಸದಲ್ಲ. ‘ಕಪ್ರಾವ್’ ಎಂದಿದ್ದರೆ ಮಾತ್ರ ಕೆಲವರು ಕ್ಷಣ ತಡೆಯಬಹುದು. ಅದು ನಮ್ಮ ಬೃಂದಾವನದ ತುಳಸಿಯೇ. ಅಲ್ಲಿ ಅದನ್ನು ಮಾಂಸದೊಡನೆ ಹುರಿಯುತ್ತಾರೆ.

ಇನ್ನು ‘ಸೋಮ್ ತಮ್’. ಎಳೆಯ ಪರಂಗಿಕಾಯಿಯ ತುರಿಯನ್ನು ಒರಳಿಗೆ ಹಾಕಿ, ಬೆಳ್ಳುಳ್ಳಿ, ಮೆಣಸಿನಕಾಯಿ, ನಿಂಬೆರಸದ ಜೊತೆ ಹಗುರಾಗಿ ಕುಟ್ಟಿದ್ದು. ಇದು ಬ್ಯಾಂಕಾಕಿನದಲ್ಲ, ಈಶಾನ್ಯದ ಇಸಾನ್ ಸೀಮೆಯದು. ‘ಇಸಾನ್’ ಎಂದರೆ ನಮ್ಮ ಈಶಾನವೇ. ಅಲ್ಲಿನವರ ಮಾತು ಲಾವೋ, ಅನ್ನ ಅಂಟಕ್ಕಿಯದು, ನೆಲ ಬಡ. 1958ರಲ್ಲಿ ಅಮೆರಿಕದ ನೆರವಿನಿಂದ ಆ ಕಡೆಗೆ ಹೆದ್ದಾರಿಯಾಯಿತು. ಅದರ ಹೆಸರು ‘ಮಿತ್ರಫಾಪ್’, ಮಿತ್ರಭಾವ. ಆ ರಸ್ತೆ ಹಿಡಿದು ಕೂಲಿಗಾಗಿ ರಾಜಧಾನಿಗೆ ಬಂದವರು ತಮ್ಮ ಒರಳನ್ನೂ ತಂದರು. ಇಸಾನಿನವರನ್ನು ಹಳ್ಳಿಗಮಾರರೆಂದು ಕಂಡ ನಗರದವರು ಅವರ ಹುದುಗಿಸಿದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡರು. ಆಮೇಲೆ ಆ ಮೀನನ್ನು ತೆಗೆದು, ಕಡಲೆಕಾಯಿ, ಒಣಸೀಗಡಿ ಹಾಕಿದ ‘ಸೋಮ್ ತಮ್ ಥಾಯ್’ ಎಲ್ಲರ ಬಾಯಿಗೂ ಹಿಡಿಸಿತು. ಇಲ್ಲೂ ಅದೇ ವಿಶೇಷಣ! ಕೂಲಿಯವನ ಊಟ ದೇಶದ ಊಟವಾಗಬೇಕಾದರೆ ಅವನ ಊರಿನ ವಾಸನೆ ಕಳೆಯಬೇಕಾಯಿತು ಎನ್ನುವುದು ನನಗೆ ಈ ಪಟ್ಟಿಯ ಅತ್ಯಂತ ಕಹಿಯಾದ ಸಾಲು.

ಊರೂರಲ್ಲೂ ಒಂದೇ ಬಗೆಯ ಪಟ್ಟಿ ಕಾಣುವುದರ ಹಿಂದೆಯೂ ಸರ್ಕಾರದ ಕೈಯಿದೆ. 2002ರಲ್ಲಿ ಅಲ್ಲಿನ ಸರ್ಕಾರ ‘ಗ್ಲೋಬಲ್ ಥಾಯ್’ ಯೋಜನೆ ಆರಂಭಿಸಿತು. ಆಗ ಜಗತ್ತಿನಲ್ಲಿ ಸುಮಾರು 5,500 ಥಾಯ್ ಹೋಟೆಲುಗಳಿದ್ದವು. ಅವನ್ನು 8,000ಕ್ಕೆ ಏರಿಸುವುದು ಗುರಿ. ಬಾಣಸಿಗರಿಗೆ ತರಬೇತಿ, ಹೋಟೆಲಿಗರಿಗೆ ಸಾಲ, ಉತ್ತಮವಾದವಕ್ಕೆ ಪ್ರಮಾಣಪತ್ರ ಎಲ್ಲವೂ ಬಂದವು. ಜನ ಊಟ ಮೆಚ್ಚಿದರೆ ಪ್ರವಾಸಕ್ಕೆ ಬಂದಾರು, ಅಕ್ಕಿ ಮಸಾಲೆ ಕೊಂಡಾರು ಎಂಬ ಲೆಕ್ಕ ಹುಸಿಯಾಗಲಿಲ್ಲ. 1997ರ ಆರ್ಥಿಕ ಕುಸಿತಕ್ಕೆ ‘ತೋಮ್ ಯಮ್ ಕುಂಗ್ ಬಿಕ್ಕಟ್ಟು’ ಎಂಬ ಅಡ್ಡಹೆಸರು ತಂದುಕೊಟ್ಟ ಸೀಗಡಿಯ ಹುಳಿಸಾರು 2024ರಲ್ಲಿ ಯುನೆಸ್ಕೊ ಪಟ್ಟಿಯನ್ನೂ ಏರಿತು.

ಹಾಗಾದರೆ ಏನು ತರಿಸಬೇಕು? ಥಾಯ್ ಭಾಷೆಯಲ್ಲಿ ಊಟ ಮಾಡುವುದಕ್ಕೆ ‘ಅನ್ನ ತಿನ್ನುವುದು’ ಎಂದೇ ಹೇಳುತ್ತಾರೆ; ‘ಅನ್ನ ಆಯಿತೆ?’ ಎಂಬುದು ನಮ್ಮ ‘ಊಟ ಆಯ್ತಾ?’ದಂತೆ ಕುಶಲಪ್ರಶ್ನೆ. ಮಿಕ್ಕದ್ದೆಲ್ಲ ‘ಕಪ್ ಖಾವ್’, ಅನ್ನದ ಜೊತೆಯವು. ಆದ್ದರಿಂದ ತಲೆಗೊಂದು ತಟ್ಟೆ ತರಿಸುವುದೇ ಅಲ್ಲಿಯ ಪದ್ಧತಿಗೆ ವಿರುದ್ಧ. ನಾಲ್ವರಿದ್ದರೆ ತೆಂಗಿನಹಾಲಿನ ಒಂದು ಸಾರು, ಒಂದು ಹುಳಿಸಾರು, ಹುರಿದದ್ದೊಂದು, ಸೋಮ್ ತಮ್‌ನಂಥ ಹಸಿಯದ್ದೊಂದು ಹೇಳಿ ನಡುವೆ ಇಟ್ಟು ಹಂಚಿಕೊಳ್ಳಬೇಕು. ಅನ್ನ ಮಾತ್ರ ಎಲ್ಲರಿಗೂ ಬೇರೆ. ‘ನಾಮ್ ಪ್ರಿಕ್’ ಪಟ್ಟಿಯಲ್ಲಿದ್ದರೆ ಬಿಡಬೇಡಿ. ಹಸಿ ತರಕಾರಿಯೊಡನೆ ನೆಂಚಿಕೊಳ್ಳುವ ಈ ಖಾರದ ಚಟ್ನಿ ಅಲ್ಲಿನ ಮನೆಯೂಟದ ತಿರುಳು, ವಿದೇಶದ ಹೋಟೆಲುಗಳಲ್ಲಿ ಅಪರೂಪ. ಕಡ್ಡಿಗಳನ್ನು ಕೇಳಬೇಡಿ, ಅವು ಶ್ಯಾವಿಗೆಗೆ ಮಾತ್ರ. ಮೊದಲು ಕೈಯಲ್ಲೇ ಉಣ್ಣುತ್ತಿದ್ದ ಅವರು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಚಮಚ, ಫೋರ್ಕು ಹಿಡಿದರು. ಫೋರ್ಕಿನಿಂದ ಚಮಚಕ್ಕೆ ತಳ್ಳಿಕೊಂಡು ತಿನ್ನುವುದು ವಾಡಿಕೆ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿಯ ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ, ಮಸಾಲೆಯಲ್ಲಿ ಕಪಿ, ಉಪ್ಪಿನ ಬದಲು ಮೀನಿನ ರಸ ಇರುತ್ತದೆ. ‘ಮಂಗ್ಸವಿರತ್’ ಎಂದು ಕೇಳಬಹುದು. ಅದು ಸಂಸ್ಕೃತದ ಮಾಂಸವಿರತಿ, ಆದರೆ ಅದರಲ್ಲಿ ಮೊಟ್ಟೆ ನಡೆಯುತ್ತದೆ. ಖಚಿತವಾದ ಪದ ‘ಜೇ’. ಚೀನೀ ಬೌದ್ಧರಿಂದ ಬಂದ ಈ ವ್ರತದ ಅಡುಗೆ ಸಿಗುವ ಅಂಗಡಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಹಾಕಿರುತ್ತವೆ. ಅಲ್ಲಿ ಮೊಟ್ಟೆ, ಹಾಲು ಹೋಗಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.