ಹೊನ್ನಾವರ ಸೀಮೆಯ ಯಕ್ಷಗಾನ ಮತ್ತು ಅಂಗಸಾಧನೆ

ಕರ್ನಾಟಕದಲ್ಲಿ ಅಂಗಸಾಧನೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗರಡಿಮನೆಯಿಂದ ಆರಂಭಿಸುತ್ತಾರೆ, ಅದಕ್ಕೆ ತಕ್ಕ ಆಧಾರವೂ ಇದೆ. ಕಲ್ಯಾಣದ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲವಿನೋದದ ಭಾಗದಲ್ಲಿ ಭಾರವೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮಗಳನ್ನು ವಿಂಗಡಿಸಿ, ಮಲ್ಲರ ಆಹಾರವನ್ನೂ ವಿವರಿಸುತ್ತದೆ, ಮುಂದೆ ಮೈಸೂರಿನ ಅರಮನೆಯೂ ಜಟ್ಟಿಗಳಿಗೆ ಆಶ್ರಯ ಕೊಟ್ಟಿತು. ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯಲ್ಲಿ ಮಾತ್ರ ಕಸುವು, ಕೀಲುಗಳ ಸಡಿಲಿಕೆ, ಊಟ ಎಂಬ ಮೂರು ವಿಚಾರಗಳ ಜಾಡು ಹಿಡಿಯಬೇಕಾದರೆ ಯಕ್ಷಗಾನದ ಚೌಕಿಗೆ, ಎಂದರೆ ವೇಷ ಕಟ್ಟಿಕೊಳ್ಳುವ ಬಿಡಾರಕ್ಕೆ, ಹೋಗಬೇಕು.

ಬಡಗುತಿಟ್ಟಿನ, ಎಂದರೆ ಯಕ್ಷಗಾನದ ಉತ್ತರದ ಶೈಲಿಯ, ವೇಷಧಾರಿಯು ತಲೆಗೆ ಮುಂದಲೆಯನ್ನೋ ಕಿರೀಟವನ್ನೋ ಬಿಗಿದು, ಬೇಗಡೆ ಹಚ್ಚಿದ ಮರದ ಎದೆಕಟ್ಟು, ಭುಜಕೀರ್ತಿಗಳನ್ನು ಧರಿಸಿ, ಕಾಲಿಗೆ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬರುತ್ತಾನೆ. ಈ ಹೊರೆಯನ್ನು ಹೊತ್ತು ಮೊಣಕಾಲನ್ನು ತುಸು ಬಾಗಿಸಿಯೇ ಕುಣಿಯಬೇಕಾಗುವುದರಿಂದ ಮೈಯ ಭಾರವೆಲ್ಲ ತೊಡೆಗಳ ಮೇಲೆ ಬೀಳುತ್ತದೆ. ಕುಣಿತ ಮುಗಿದ ಬೆನ್ನಿಗೇ ಏದುಸಿರನ್ನು ಅಡಗಿಸಿ ಅರ್ಥ ಹೇಳಬೇಕಾಗುವುದು, ಎಂದರೆ ಪದ್ಯದ ಭಾವವನ್ನು ಮಾತಿನಲ್ಲಿ ಬೆಳೆಸಬೇಕಾಗುವುದು, ಇನ್ನೂ ಕಠಿಣವಾದ ಸಾಧನೆ. ಬರಿಯ ತೋಳ್ಬಲ ಇಲ್ಲಿ ಸಾಲದು.

ಈ ಬಲವನ್ನು ಗಳಿಸುವ ಕ್ರಮವು ಆಟದ ರಚನೆಯಲ್ಲಿಯೇ ಅಡಕವಾಗಿತ್ತೆಂಬುದು ಗಮನಾರ್ಹ. ಕಲಿಯುವ ಹುಡುಗನು ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿಯಾಗಿ ಹೆಜ್ಜೆ ಹಾಕಿ, ಬಳಿಕ ಬಾಲಗೋಪಾಲನಾಗಿ, ಸ್ತ್ರೀವೇಷವಾಗಿ ಕುಣಿದು, ವರ್ಷಗಳು ಕಳೆದ ಮೇಲೆ ಒಡ್ಡೋಲಗದ, ಎಂದರೆ ವಿಸ್ತಾರವಾದ ಪ್ರವೇಶ ಕುಣಿತದ, ವೇಷಗಳನ್ನು ತಲುಪುತ್ತಿದ್ದನು. ಹೊರೆಯನ್ನು ಮೈ ಒಗ್ಗಿದಷ್ಟೇ ಏರಿಸಬೇಕೆಂದು ಇಂದಿನ ವ್ಯಾಯಾಮಶಾಸ್ತ್ರವು ಹೇಳುವ ನಿಯಮವನ್ನು ಮೇಳಗಳು ಶಾಸ್ತ್ರವೆಂದು ಕರೆಯದೆಯೇ ನಡೆಸಿಕೊಂಡು ಬಂದವು. ಪೂರ್ವರಂಗವನ್ನು ಕೇವಲ ಕಾಲಹರಣವೆಂದು ಭಾವಿಸುವವರು ಅದರ ಈ ಉಪಯೋಗವನ್ನು ಕಾಣದೆ ಹೋಗುತ್ತಾರೆ.

ಮಂಡಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಗಾಳಿಯಲ್ಲಿ ಸುತ್ತುವ ಧಿಗಿಣಕ್ಕೆ ಇರುವ ಸ್ಥಾನ ಬಡಗಿನಲ್ಲಿ ಮೊಣಕಾಲೂರಿ ಗಿರಗಿರನೆ ತಿರುಗುವ ಮಂಡಿಗೆ ಇದೆ. ಇದಕ್ಕೆ ಸೊಂಟ, ತೊಡೆಸಂದು ಮತ್ತು ಕಾಲಿನ ಗಿಣ್ಣುಗಳು ಸಡಿಲವಾಗಿರುವುದರ ಜೊತೆಗೆ, ಇಳಿಯುವ ವೇಗವನ್ನು ತಡೆಯಬಲ್ಲ ತೊಡೆಸ್ನಾಯುವೂ ಬೇಕು. ಸ್ನಾಯು ತಡೆಯದಿದ್ದರೆ ಪೆಟ್ಟು ನೇರವಾಗಿ ಮೊಣಚಿಪ್ಪಿಗೂ ಅದರ ಹಿಂದಿನ ಮೃದ್ವಸ್ಥಿಗೂ ತಗಲುತ್ತದೆ. ಚಪ್ಪಾಳೆಯ ಆಸೆಗೆ ಮಂಡಿಯ ಸಂಖ್ಯೆಯನ್ನು ಹೆಚ್ಚಿಸುವುದು ಕಲೆಗೂ ಹಿತವಲ್ಲ, ಕಾಲಿಗೂ ಹಿತವಲ್ಲ.

ಊಟವು ಈ ನೆಲದ್ದೇ ಆಗಿತ್ತು: ಕುಚ್ಚಲಕ್ಕಿಯ ಗಂಜಿ, ಮಜ್ಜಿಗೆ, ತಂಬುಳಿ, ಬೆಲ್ಲ, ಮತ್ಸ್ಯಾಹಾರಿಗಳಿಗೆ ಇವುಗಳೊಡನೆ ಮೀನು. ಕುಮಟಾದ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತವೂ ಈ ಸೀಮೆಯ ಅನ್ನವೇ. ಅನ್ನದ ಪಿಷ್ಟವು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗಿ ದೀರ್ಘ ಶ್ರಮಕ್ಕೆ ಒದಗುವುದರಿಂದಲೂ, ಬೆವರಿನೊಡನೆ ಹೋದ ನೀರು, ಉಪ್ಪುಗಳನ್ನು ಗಂಜಿ, ಮಜ್ಜಿಗೆಗಳು ಮರಳಿ ಕೊಡುವುದರಿಂದಲೂ ರಾತ್ರಿಯಿಡೀ ನಡೆಯುವ ಆಟಕ್ಕೆ ಈ ಆಹಾರವು ಹೊಂದುತ್ತಿತ್ತು. ಸ್ನಾಯು ಕಟ್ಟುವ ಸಸಾರಜನಕ ಮಾತ್ರ ಬೇಳೆಕಾಳು, ಹಾಲು, ಮೀನುಗಳು ಸಾಕಷ್ಟು ಸಿಕ್ಕವರಿಗಷ್ಟೇ ದಕ್ಕುತ್ತಿತ್ತು. ಮಳೆಗಾಲದಲ್ಲಿ ತಿರುಗಾಟ ನಿಂತಾಗಲೂ ಅನೇಕ ಕಲಾವಿದರ ಮೈಗೆ ವಿಶ್ರಾಂತಿಯಿರಲಿಲ್ಲ, ಗದ್ದೆ ತೋಟಗಳ ಕೆಲಸ ಅವರಿಗಾಗಿ ಕಾದಿರುತ್ತಿತ್ತು.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದಾಗ ಕಲಿಕೆಯು ಮನೆ ಮತ್ತು ಮೇಳಗಳೊಳಗೇ ನಡೆಯುತ್ತಿತ್ತು. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆಯನ್ನು ಅಭ್ಯಸಿಸಿದ್ದ, ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಸ್ಥಾಪಿಸಿದ ಮೇಲೆ, ರಾತ್ರಿ ನೋಡಿ ಕಲಿಯುತ್ತಿದ್ದುದು ಹಗಲಿನ ಪಾಠವಾಯಿತು, ಹೆಜ್ಜೆಯನ್ನು ಬಿಡಿಸಿ ತಿದ್ದುವುದಕ್ಕೆ ಅವಕಾಶವೊದಗಿತು. ಕಾಲಮಿತಿಯ, ಎಂದರೆ ಕೆಲವೇ ಗಂಟೆಗಳಲ್ಲಿ ಮುಗಿಯುವ, ಆಟಗಳು ಹೆಚ್ಚಿ ಪೂರ್ವರಂಗವು ಮೊಟಕಾದಾಗ, ಕೋಡಂಗಿ, ಬಾಲಗೋಪಾಲರು ಮಾಡುತ್ತಿದ್ದ ಅಭ್ಯಾಸದ ಭಾರವೂ ಇಂಥ ಕೇಂದ್ರಗಳ ಮೇಲೆಯೇ ಬಿದ್ದಿತು. ಹಳೆಯ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿ ಬಂದ ತಲೆಮಾರಿಗೆ ಸೇರಿದ, ಹೊನ್ನಾವರ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದ ಮೇಲೆಯೂ, ಎಂಬತ್ತು ದಾಟಿದ ಮೇಲೆಯೂ ಗೆಜ್ಜೆ ಕಟ್ಟುತ್ತಿದ್ದರು.