ಓಬರ್ಲಿನ್ ಕಾಲೇಜಿನ ಸಂಗೀತಮಂದಿರಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೋ ರಾಜ್ಯದ ಚಿಕ್ಕ ಊರೊಂದರಲ್ಲಿ 1833ರಲ್ಲಿ ಸ್ಥಾಪಿತವಾದ ಓಬರ್ಲಿನ್ ಕಾಲೇಜು, 1865ರಲ್ಲಿ ಆರಂಭವಾದ ತನ್ನ ಸಂಗೀತ ವಿದ್ಯಾಲಯದ ನಿಮಿತ್ತವಾಗಿಯೇ ವಿಶೇಷ ಕೀರ್ತಿಯನ್ನು ಪಡೆದಿರುವುದು. ಇಲ್ಲಿಯ ಸಭಾಂಗಣಗಳಲ್ಲಿ ಹಿರಿಯದಾದ ಫಿನ್ನಿ ಪ್ರಾರ್ಥನಾಮಂದಿರವು, ವಾಸ್ತುಶಿಲ್ಪಿ ಕಾಸ್ ಗಿಲ್ಬರ್ಟನ ಯೋಜನೆಯಂತೆ 1908ರಲ್ಲಿ ನಿರ್ಮಿತವಾಗಿ, ಕಾಲೇಜಿನ ಎರಡನೆಯ ಅಧ್ಯಕ್ಷನಾದ ಧರ್ಮೋಪದೇಶಕ ಚಾರ್ಲ್ಸ್ ಫಿನ್ನಿಯ ಹೆಸರನ್ನು ಧರಿಸಿದೆ. ಉಪಾಸನೆಗೆಂದು ಕಟ್ಟಿದ ಈ ವಿಶಾಲ ಭವನವು ವಾದ್ಯವೃಂದಗಳಿಗೂ ಗಾಯಕಸಮೂಹಗಳಿಗೂ ಪ್ರಧಾನ ವೇದಿಕೆಯಾಗಿ ಪರಿಣಮಿಸಿದುದು ಅತ್ಯಂತ ಉಚಿತವೇ ಸರಿ. ವಾರ್ನರ್ ಸಂಗೀತಸಭಾಂಗಣವಾದರೋ 1960ರ ದಶಕದ ಆದಿಯಲ್ಲಿ ಮಿನೋರು ಯಾಮಾಸಾಕಿಯು ರಚಿಸಿದ ಕಟ್ಟಡಸಮುಚ್ಚಯಕ್ಕೆ ಸೇರಿದುದು.

ಈ ಎರಡು ಮಂದಿರಗಳ ನಿಜವಾದ ಸಂಪತ್ತು ಅವುಗಳಲ್ಲಿರುವ ಆರ್ಗನ್ ವಾದ್ಯಗಳು. ವಾರ್ನರಿನಲ್ಲಿ 1974ರಲ್ಲಿ ಪ್ರತಿಷ್ಠಿತವಾದ ಡಚ್ ನಿರ್ಮಾಪಕ ಫ್ಲೆಂಟ್ರೋಪನ ವಾದ್ಯವು ಉತ್ತರ ಯೂರೋಪಿನ ಬರೋಕ್ ಸಂಪ್ರದಾಯವನ್ನು ಅನುಸರಿಸುವುದರಿಂದ ಬಾಖನ ಕೃತಿಗಳ ಪ್ರತ್ಯೇಕ ಸ್ವರಪಂಕ್ತಿಗಳು ಅದರಲ್ಲಿ ಸ್ಫುಟವಾಗಿ ಕೇಳಿಬರುವುವು. ಫಿನ್ನಿಯಲ್ಲಿ 2001ರಲ್ಲಿ ನೆಲೆಗೊಂಡ ಫಿಸ್ಕ್ ಸಂಸ್ಥೆಯ ವಾದ್ಯವಾದರೋ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ನಿರ್ಮಾಪಕ ಕವಾಯೆ-ಕೋಲನ ಮಾದರಿಯ ಗಂಭೀರ ನಾದವುಳ್ಳದ್ದು. ಭಿನ್ನಯುಗಗಳ ನಾದಾದರ್ಶಗಳೆರಡನ್ನೂ ಒಂದೇ ಆವರಣದಲ್ಲಿ ಕೈಯಾರೆ ನುಡಿಸಿ ತಿಳಿಯುವ ಭಾಗ್ಯವು ವಿದ್ಯಾರ್ಥಿಗೆ ಯಾವ ಗ್ರಂಥವೂ ಕೊಡಲಾರದ ಶಿಕ್ಷಣವೆನ್ನಬೇಕು. ಸಾಧನೆಗೆ ರಾಬರ್ಟ್‌ಸನ್ ಭವನದ ಏಕಾಂತ ಕೊಠಡಿಗಳೂ, ಜಾಜ್ ಸಂಗೀತಕ್ಕೆ 2010ರಲ್ಲಿ ತೆರೆದ ಕೋಲ್ ಭವನವೂ ಇವೆ.